ಪಿಯುಸಿ ಮುಗಿಸಿ ಮುಂಬಯಿಗೆ: ಕಂಪ್ಯೂಟರ್ ಸೈನ್ಸ್ ಪದವಿಯ ಮೂರು ವರ್ಷ

ಆರನೆಯ ಸೆಮಿಸ್ಟರಿನ ಅಂಕಪಟ್ಟಿ ಕೈಗೆ ಬಂದಿದೆ. 2022ರಲ್ಲಿ ಕುಂದಾಪುರದ ಕಡೆಯ ಒಂದು ಕಾಲೇಜಿನಲ್ಲಿ ಪಿಯುಸಿ ಮುಗಿಸಿ, ಡೊಂಬಿವಲಿಯಲ್ಲಿರುವ ಚಿಕ್ಕಪ್ಪನ ಮನೆಗೆ ಬಂದು, ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಕಂಪ್ಯೂಟರ್ ಸೈನ್ಸ್‌ಗೆ ಸೇರಿದವನು ನಾನು. ಈಗ ಊರಿನಿಂದ ಒಬ್ಬರಾದ ಮೇಲೊಬ್ಬರು ಫೋನ್ ಮಾಡುತ್ತಿದ್ದಾರೆ. ಮಗನನ್ನು ಕಳಿಸಬಹುದೇ, ಮಗಳಿಗೆ ಇಂಗ್ಲಿಷ್ ಕಷ್ಟವಾಗುತ್ತದೆಯೇ, ಪ್ರೋಗ್ರಾಮಿಂಗ್ ಮೊದಲೇ ಕಲಿತಿರಬೇಕೇ ಎಂಬುದು ಅವರ ಪ್ರಶ್ನೆಗಳು. ನನ್ನನ್ನು ನಿಜವಾಗಿ ಕಾಡಿದ್ದು ಇಂಗ್ಲಿಷೂ ಅಲ್ಲ, ಪ್ರೋಗ್ರಾಮಿಂಗೂ ಅಲ್ಲ. ಮೊದಲು ಕಾಗದಪತ್ರ ಕಾಡಿತು, ಆಮೇಲೆ ಗಣಿತ. ಇವೆರಡರ ಬಗ್ಗೆ ನನಗೆ ಮೊದಲೇ ಯಾರೂ ಹೇಳಿರಲಿಲ್ಲ. ಅದಕ್ಕಾಗಿ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಎಲ್ಲರೂ ಮೊದಲು ಕೇಳುವುದು ಬಿ.ಇ. ಯಾಕೆ ಮಾಡಲಿಲ್ಲ ಎಂದು. ಮಹಾರಾಷ್ಟ್ರದಲ್ಲಿ ಇಂಜಿನಿಯರಿಂಗ್‌ಗೆ ಎಂಎಚ್‌ಟಿ-ಸಿಇಟಿ ಬರೆದು, ರಾಜ್ಯದ ಕೇಂದ್ರೀಕೃತ ಪ್ರವೇಶದ ಸುತ್ತುಗಳಲ್ಲಿ ಸೀಟು ಪಡೆಯಬೇಕು. ಈ ರಾಜ್ಯದಲ್ಲಿ ಓದಿರದ, ಇಲ್ಲಿನ ವಾಸಸ್ಥಳ ಪ್ರಮಾಣಪತ್ರ ಇಲ್ಲದವರಿಗೆ ಆ ಬಾಗಿಲು ತೀರ ಕಿರಿದು. ಮೀಸಲಾತಿಯ ಆಸೆಯೂ ಬೇಡ. ಕರ್ನಾಟಕದ ಜಾತಿ ಪ್ರಮಾಣಪತ್ರ ಇಲ್ಲಿನ ರಾಜ್ಯ ಮೀಸಲಾತಿಗೆ ನಡೆಯುವುದಿಲ್ಲ. ಒಬಿಸಿ ಪ್ರಮಾಣಪತ್ರ ಇಲ್ಲಿಯೇ ಬೇಕೆಂದರೆ 1967ರ ಅಕ್ಟೋಬರ್ 13ಕ್ಕೂ ಮೊದಲೇ ಕುಟುಂಬ ಮಹಾರಾಷ್ಟ್ರದಲ್ಲಿ ನೆಲೆಸಿತ್ತೆಂದು ದಾಖಲೆ ತೋರಿಸಬೇಕು. ಪರಿಶಿಷ್ಟ ಜಾತಿಯವರಿಗೆ ಆ ದಿನಾಂಕ 1950ರ ಆಗಸ್ಟ್ 10. ಚಿಕ್ಕಪ್ಪ ಮುಂಬಯಿಗೆ ಬಂದದ್ದೇ ಎಂಬತ್ತರ ದಶಕದಲ್ಲಿ.

ಬಿ.ಎಸ್ಸಿ.ಗೆ ಪ್ರವೇಶ ಪರೀಕ್ಷೆ ಇರಲಿಲ್ಲ. ಹನ್ನೆರಡನೆಯ ತರಗತಿಯ ಅಂಕಗಳ ಮೇಲೆ ಮೆರಿಟ್ ಪಟ್ಟಿ ಹಾಕುತ್ತಾರೆ. ಆದರೆ ಪಿಯುಸಿಯಲ್ಲಿ ಗಣಿತ ಓದಿರಲೇಬೇಕು. ಕಂಪ್ಯೂಟರ್ ಸೈನ್ಸ್ ವಿಷಯವಾಗಿ ಓದಿದ್ದೇನೆ, ಗಣಿತ ಇರಲಿಲ್ಲ ಎಂದರೆ ಒಪ್ಪುವುದಿಲ್ಲ. ಬಿಸಿಎ ನೋಡುತ್ತಿರುವವರು ಇನ್ನೊಂದನ್ನು ತಿಳಿದಿರಬೇಕು: ಆ ಕೋರ್ಸು ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿಯಾದ ಎಐಸಿಟಿಇ ವ್ಯಾಪ್ತಿಗೆ ಬಂದ ಮೇಲೆ, 2024ರಿಂದ ಅದಕ್ಕೂ ರಾಜ್ಯದ ಸಿಇಟಿ ಬಂದಿದೆ.

ನಮ್ಮ ವರ್ಷ ಮಹಾರಾಷ್ಟ್ರದ ಹನ್ನೆರಡನೆಯ ತರಗತಿಯ ಫಲಿತಾಂಶ ಜೂನ್ 8ಕ್ಕೆ ಬಂತು, ಕರ್ನಾಟಕದ ಪಿಯುಸಿ ಫಲಿತಾಂಶ ಜೂನ್ 18ಕ್ಕೆ. ಇಲ್ಲಿನ ಮಕ್ಕಳು ಅರ್ಜಿ ತುಂಬಿ ಮುಗಿಸುವ ಹೊತ್ತಿಗೆ ನಾನು ಅಂಕಗಳಿಗಾಗಿ ಮೊಬೈಲ್ ಹಿಡಿದು ಕೂತಿದ್ದೆ. ಮುಂಬಯಿಯಲ್ಲಿ ಅರ್ಜಿ ಎರಡು ಹಂತದ್ದು. ಮೊದಲು ವಿಶ್ವವಿದ್ಯಾಲಯದ ಪೂರ್ವ ಪ್ರವೇಶ ನೋಂದಣಿ, ಆಮೇಲೆ ಒಂದೊಂದು ಕಾಲೇಜಿಗೂ ಪ್ರತ್ಯೇಕ ಅರ್ಜಿ. ಮೊದಲನೆಯದು ಇಲ್ಲದೆ ಎರಡನೆಯದನ್ನು ತೆಗೆದುಕೊಳ್ಳುವುದಿಲ್ಲ. ಹೆಸರು, ವಿಳಾಸ, ಫೋಟೊ, ಸಹಿ ಇವೆಲ್ಲವನ್ನೂ ಫಲಿತಾಂಶಕ್ಕೆ ಮೊದಲೇ ಸಿದ್ಧಮಾಡಿಟ್ಟುಕೊಳ್ಳಿ. ಅಂಕ ಬಂದ ದಿನವೇ ಅರ್ಜಿ ಹೋಗಬೇಕು. ನನಗೆ ಪ್ರಸಿದ್ಧ ಕಾಲೇಜುಗಳ ಮೊದಲ ಪಟ್ಟಿಯಲ್ಲಿ ಜಾಗ ಸಿಗಲಿಲ್ಲ. ಮೂರನೆಯ ಪಟ್ಟಿಯಲ್ಲಿ ಮಧ್ಯ ರೈಲ್ವೆ ಮಾರ್ಗದ ಒಂದು ಕಾಲೇಜಿನಲ್ಲಿ ಹೆಸರು ಬಂತು. ಆ ರಾತ್ರಿ ಚಿಕ್ಕಪ್ಪ ಹೋಟೆಲಿನ ಗಲ್ಲಾ ಮುಚ್ಚಿ ಬರುವಾಗ ಒಂದು ಪೆಟ್ಟಿಗೆ ಮೈಸೂರುಪಾಕು ತಂದಿದ್ದರು.

ಚಿಕ್ಕಪ್ಪನ ಮಗಳು ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲೇ, ಅವಳ ದಾರಿ ಬೇರೆಯಾಯಿತು. ಮುಂಬಯಿಯಲ್ಲಿ ಕನ್ನಡಿಗರ ಸಂಸ್ಥೆಗಳು ನಡೆಸುವ ಕೆಲವು ಕಾಲೇಜುಗಳಿಗೆ ಭಾಷಿಕ ಅಲ್ಪಸಂಖ್ಯಾತ ಮಾನ್ಯತೆ ಇದೆ, ಒಂದಷ್ಟು ಸೀಟುಗಳನ್ನು ಆ ಭಾಷೆಯ ಮಕ್ಕಳಿಗೆ ಮೀಸಲಿಡುತ್ತಾರೆ. ಅವಳ ಶಾಲೆಯ ಲೀವಿಂಗ್ ಸರ್ಟಿಫಿಕೇಟಿನಲ್ಲಿ ಮಾತೃಭಾಷೆ ಕನ್ನಡ ಎಂದು ನಮೂದಾಗಿತ್ತು, ಅದರಿಂದಲೇ ಅವಳಿಗೆ ಸೀಟು ಸಿಕ್ಕಿತು. ಇಲ್ಲೇ ಓದುತ್ತಿರುವ ಕನ್ನಡದ ಮಕ್ಕಳ ತಂದೆತಾಯಿಯರು ಆ ಕಾಲಂ ಅನ್ನು ಈಗಲೇ ತೆಗೆದು ನೋಡಬೇಕು. ಖಾಲಿಯಿದ್ದರೆ ಶಾಲೆಯಲ್ಲಿರುವಾಗಲೇ ತುಂಬಿಸಿಕೊಳ್ಳಬೇಕು.

ಸೀಟು ಸಿಕ್ಕಿದ ಮೇಲೆ ನಿಜವಾದ ಪರದಾಟ ಶುರುವಾಯಿತು. ಮೊದಲ ತೊಡಕು ನನ್ನ ಹೆಸರು. ಅರ್ಜಿಯಲ್ಲಿ ನಾಲ್ಕು ಮನೆಗಳಿದ್ದವು: ಆಡನಾವ್ (ಅಂದರೆ ಅಡ್ಡಹೆಸರು), ಸ್ವಂತ ಹೆಸರು, ತಂದೆಯ ಹೆಸರು, ತಾಯಿಯ ಹೆಸರು. ನನ್ನ ಪಿಯುಸಿ ಅಂಕಪಟ್ಟಿಯಲ್ಲಿರುವುದು ಹೆಸರು ಮತ್ತು ಅದರ ಕೊನೆಗೊಂದು ಇನಿಷಿಯಲ್. ನಮ್ಮ ಮನೆಯಲ್ಲಿ ಯಾರೂ ಅಡ್ಡಹೆಸರು ಬರೆದುಕೊಂಡವರಲ್ಲ. ಕಚೇರಿಯ ಮೇಡಂ ಮೊದಲ ಮನೆ ಖಾಲಿ ಬಿಟ್ಟರೆ ಅರ್ಜಿ ಮುಂದೆ ಹೋಗುವುದಿಲ್ಲ ಎಂದರು. ಇನಿಷಿಯಲ್ ಅನ್ನೇ ಅಡ್ಡಹೆಸರಾಗಿ ಬರೆಯಬಹುದೇ ಎಂದು ಕೇಳಿದೆ. ಆದರೆ ಆಧಾರ್ ಕಾರ್ಡಿನಲ್ಲಿ ಆ ಇನಿಷಿಯಲ್ ಬಿಡಿಸಿ ಬರೆದಿತ್ತು, ಅಂಕಪಟ್ಟಿಯಲ್ಲಿ ಇರಲಿಲ್ಲ. ಎರಡೂ ಒಬ್ಬನದೇ ಎಂದು ನೂರು ರೂಪಾಯಿಯ ಸ್ಟಾಂಪ್ ಪೇಪರಿನ ಮೇಲೆ ಅಫಿಡವಿಟ್ ಮಾಡಿಸಿ, ನೋಟರಿಯ ಮೊಹರು ಹಾಕಿಸಿಕೊಂಡು ಬಂದ ಮೇಲೆ ಅರ್ಜಿ ತೆಗೆದುಕೊಂಡರು. ಊರು ಬಿಡುವ ಮೊದಲು ಆಧಾರ್, ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಅಂಕಪಟ್ಟಿ ಮೂರನ್ನೂ ಪಕ್ಕಪಕ್ಕದಲ್ಲಿ ಇಟ್ಟು ಒಂದೊಂದು ಅಕ್ಷರ ಹೋಲಿಸಿ. ವ್ಯತ್ಯಾಸವಿದ್ದರೆ ಆಧಾರ್ ತಿದ್ದಿಸುವುದು ಸುಲಭ. ಈಗ ಅಂಕಗಳೆಲ್ಲ ಎಬಿಸಿ ಎಂಬ ಕ್ರೆಡಿಟ್ ಖಾತೆಗೂ ಡಿಜಿಲಾಕರಿಗೂ ಹೋಗುವುದರಿಂದ ಹೆಸರಿನ ವ್ಯತ್ಯಾಸ ಮೂರು ವರ್ಷವೂ ಬೆನ್ನು ಬಿಡುವುದಿಲ್ಲ.

ಎರಡನೆಯದು ಮೈಗ್ರೇಶನ್ ಸರ್ಟಿಫಿಕೇಟ್. ಬೇರೆ ಮಂಡಳಿಯಿಂದ ಬಂದವರು ಮೂಲ ವರ್ಗಾವಣೆ ಪತ್ರದ ಜೊತೆಗೆ ಇದನ್ನೂ ಕೊಟ್ಟು, ವಿಶ್ವವಿದ್ಯಾಲಯದಿಂದ ಅರ್ಹತೆ ದೃಢಪಡಿಸಿಕೊಳ್ಳಬೇಕು. ಅಲ್ಲಿಯವರೆಗೆ ಪ್ರವೇಶ ತಾತ್ಕಾಲಿಕ. ಪಿಯುಸಿ ಮುಗಿಸಿದ ಕಾಲೇಜಿನಲ್ಲಿ ಅಪ್ಪ ವಿಚಾರಿಸಿದರೆ, ಊರಲ್ಲೇ ಓದುವವರಿಗೆ ಅದು ಬೇಡವಲ್ಲ, ನಮ್ಮಲ್ಲಿ ಯಾರೂ ಕೇಳಿದ್ದೇ ಇಲ್ಲ ಎಂದರಂತೆ. ಕೊನೆಗೆ ಬೆಂಗಳೂರಿನಲ್ಲಿರುವ ಸೋದರಮಾವ ರಜೆ ಹಾಕಿ ಮಂಡಳಿಯ ಕಚೇರಿಗೆ ಹೋಗಿ, ಶುಲ್ಕ ಕಟ್ಟಿ, ಕಾದು ತಂದು ಕೊರಿಯರ್ ಮಾಡಿದರು. ಮೊದಲ ಸೆಮಿಸ್ಟರಿನ ಪರೀಕ್ಷೆ ಹತ್ತಿರ ಬಂದಿತ್ತು. ಅದು ಬರದಿದ್ದರೆ ಫಲಿತಾಂಶ ತಡೆಹಿಡಿಯುತ್ತೇವೆ ಎಂದು ಕಾಲೇಜಿನಲ್ಲಿ ಹೇಳಿಬಿಟ್ಟಿದ್ದರು. ಆ ವಾರಗಳಲ್ಲಿ ನನಗೆ ಸರಿಯಾಗಿ ನಿದ್ದೆ ಹತ್ತುತ್ತಿರಲಿಲ್ಲ. ತರಗತಿಯಲ್ಲಿ ಕೂತಿದ್ದರೂ ಇದು ನನ್ನ ಜಾಗ ಹೌದೋ ಅಲ್ಲವೋ ಎಂಬ ಅನುಮಾನ. ಮುಂಬಯಿಗೆ ಬರುವುದು ಖಚಿತವಾದ ದಿನವೇ ಇದಕ್ಕೆ ಅರ್ಜಿ ಹಾಕಿ, ಮೂಲಪ್ರತಿ ಕೊಡುವ ಮೊದಲು ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಕೊಟ್ಟ ಮೂಲ ಮರಳಿ ಬರುವುದಿಲ್ಲ.

ಖರ್ಚಿನ ವಿಷಯ. ಬಹುತೇಕ ಕಾಲೇಜುಗಳಲ್ಲಿ ಕಂಪ್ಯೂಟರ್ ಸೈನ್ಸ್ ಸರ್ಕಾರದ ಅನುದಾನವಿಲ್ಲದ ವಿಭಾಗ. ಹಾಗಾಗಿ ಅದೇ ಕಾಲೇಜಿನ ಭೌತಶಾಸ್ತ್ರದ ಬಿ.ಎಸ್ಸಿ.ಗಿಂತ ಶುಲ್ಕ ಬಹಳ ಹೆಚ್ಚು. ನನ್ನ ಕಾಲೇಜಿನಲ್ಲಿ ವರ್ಷಕ್ಕೆ 30,000 ರೂಪಾಯಿಯ ಆಸುಪಾಸು. ಲ್ಯಾಪ್‌ಟಾಪ್ ಅನ್ನು ಗ್ರಾಂಟ್ ರೋಡಿನ ಹತ್ತಿರ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಬಳಸಿದ್ದು ಕೊಂಡೆ, ಸುಮಾರು 22,000. ಅದಕ್ಕೆ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡು ಮೂರು ವರ್ಷವೂ ನಡೆಸಿದೆ. ಹೊಸದಕ್ಕೆ ಸಾಲ ಮಾಡುವ ಅಗತ್ಯ ಖಂಡಿತ ಇಲ್ಲ. ರೈಲಿನ ಪಾಸಿಗೆ ಕಾಲೇಜು ಕಚೇರಿಯಿಂದ ರಿಯಾಯಿತಿ ಪತ್ರ ಪಡೆದರೆ ಅರ್ಧ ದರ. ಮೂರು ತಿಂಗಳದ್ದನ್ನು ಒಟ್ಟಿಗೆ ಮಾಡಿಸಿ. ಆ ಪತ್ರಕ್ಕೆ ಕೆಲವೇ ದಿನಗಳ ಅವಧಿ, ಜೇಬಿನಲ್ಲಿಟ್ಟು ಮರೆಯಬೇಡಿ. ಉಳಿದಂತೆ ಊಟ ವಸತಿ ಚಿಕ್ಕಪ್ಪನ ಮನೆಯಲ್ಲಿ. ಒಂದೇ ಮಲಗುವ ಕೋಣೆಯ ಮನೆಯಲ್ಲಿ ಐದನೆಯವನಾಗಿ ನನ್ನನ್ನು ಇಟ್ಟುಕೊಂಡ ಚಿಕ್ಕಮ್ಮ ಬೆಳಗ್ಗೆ ಐದಕ್ಕೆ ಎದ್ದು ಡಬ್ಬ ಕಟ್ಟುತ್ತಿದ್ದರು. ಅದಕ್ಕೆ ಬೆಲೆ ಕಟ್ಟಲಾರೆ.

ತರಗತಿಯಲ್ಲಿ ಇಂಗ್ಲಿಷ್ ತೊಂದರೆ ಕೊಡಲಿಲ್ಲ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನಿಗೆ ಪಿಯುಸಿಯ ಎರಡು ವರ್ಷ ಸಾಕಷ್ಟು ರೂಢಿ ಮಾಡಿಸಿತ್ತು. ತೊಂದರೆ ಕೊಟ್ಟದ್ದು ಹಿಂದಿ. ಅಧ್ಯಾಪಕರು ಫಲಕದ ಮೇಲೆ ಬರೆಯುವುದು ಇಂಗ್ಲಿಷಿನಲ್ಲಿ, ಅರ್ಥವಾಗದವರಿಗೆ ಬಿಡಿಸಿ ಹೇಳುವುದು ಹಿಂದಿಯಲ್ಲಿ, ಕೆಲವೊಮ್ಮೆ ಮರಾಠಿಯಲ್ಲಿ. ಅರ್ಥವಾಗದವನಿಗೆ ಬೇಕಾದ ಆ ವಿವರಣೆಯೇ ನನಗೆ ತಪ್ಪಿಹೋಗುತ್ತಿತ್ತು. ಮೊದಲ ವರ್ಷ ಮುಗಿಯುವಷ್ಟರಲ್ಲಿ ಲೋಕಲ್ ರೈಲೇ ಹಿಂದಿ ಕಲಿಸಿತು. ಅಲ್ಲಿಯವರೆಗೆ ತರಗತಿ ಮುಗಿದ ಮೇಲೆ ಅಧ್ಯಾಪಕರ ಕೋಣೆಗೆ ಹೋಗಿ ಇಂಗ್ಲಿಷಿನಲ್ಲಿ ಕೇಳುತ್ತಿದ್ದೆ, ಒಬ್ಬರೂ ಬೇಸರಿಸಲಿಲ್ಲ.

ಈಗ ಗಣಿತ. ಮೊದಲ ವರ್ಷದಿಂದಲೇ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ, ಡೇಟಾಬೇಸ್, ಕಂಪ್ಯೂಟರಿನ ಒಳರಚನೆಯ ಜೊತೆಗೆ ಡಿಸ್ಕ್ರೀಟ್ ಮ್ಯಾಥಮ್ಯಾಟಿಕ್ಸ್ ಮತ್ತು ಸಂಖ್ಯಾಶಾಸ್ತ್ರ ಇದ್ದವು. ಎರಡನೆಯ ವರ್ಷ ಗ್ರಾಫ್ ಸಿದ್ಧಾಂತ (ಬಿಂದುಗಳು ಮತ್ತು ಅವನ್ನು ಕೂಡಿಸುವ ಗೆರೆಗಳ ಗಣಿತ), ಥಿಯರಿ ಆಫ್ ಕಂಪ್ಯುಟೇಶನ್ (ಯಂತ್ರ ಏನನ್ನು ಲೆಕ್ಕಹಾಕಬಲ್ಲದು ಎಂಬುದರ ಗಣಿತ), ಆಲ್ಗರಿದಮ್ (ಲೆಕ್ಕವನ್ನು ಹಂತಹಂತವಾಗಿ ಬಿಡಿಸುವ ಕ್ರಮ), ಲೀನಿಯರ್ ಆಲ್ಜೀಬ್ರ. ಜಾವಾ ಮತ್ತು ಆಂಡ್ರಾಯ್ಡ್ ಕಲಿಯಲೆಂದು ಬಂದ ಗೆಳೆಯರು ಇವನ್ನೆಲ್ಲ ದಾಟಿ ಹೋಗಬೇಕಾದ ಅಡಚಣೆ ಎಂದು ನೋಡಿದರು. ನನಗೆ ಹಾಗನ್ನಿಸಲಿಲ್ಲ, ಈಗಂತೂ ಸ್ವಲ್ಪವೂ ಅನ್ನಿಸುವುದಿಲ್ಲ. ಪ್ರೋಗ್ರಾಮಿಂಗ್ ಭಾಷೆಗಳು ಬದಲಾಗುತ್ತವೆ, ಕಂಪನಿಗಳು ಒಂದೆರಡು ತಿಂಗಳಲ್ಲಿ ಬೇಕಾದ ಭಾಷೆ ಕಲಿಸುತ್ತವೆ. ಗ್ರಾಫ್ ಸಿದ್ಧಾಂತವನ್ನು ಮತ್ತೆ ಕೂರಿಸಿ ಯಾರೂ ಕಲಿಸುವುದಿಲ್ಲ.

ಗ್ರಾಫ್ ಸಿದ್ಧಾಂತ ನನಗೆ ಹಿಡಿದದ್ದು ಮಳೆಗಾಲದಲ್ಲಿ. ಲೋಕಲ್ ರೈಲಿನ ನಕ್ಷೆಯನ್ನು ಪುಸ್ತಕದಲ್ಲಿ ಬಿಡಿಸಿ, ನಿಲ್ದಾಣಗಳನ್ನು ಬಿಂದುಗಳೆಂದೂ ಹಳಿಗಳನ್ನು ಗೆರೆಗಳೆಂದೂ ಗುರುತಿಸಿದ್ದೆ. ಕುರ್ಲಾ ಮತ್ತು ಸಾಯನ್ ನಡುವೆ ಹಳಿ ಮುಳುಗಿದರೆ ಡೊಂಬಿವಲಿಯಿಂದ ದಾದರಿಗೆ ಹೋಗಲು ವಸಾಯಿಯ ಮೂಲಕ ಸುತ್ತುದಾರಿ ಉಂಟು, ಗಂಟೆಗಟ್ಟಲೆ ಹಿಡಿದರೂ ದಾರಿ ಉಂಟು. ಆದರೆ ಠಾಕುರ್ಲಿಯಲ್ಲಿ ರೈಲು ನಿಂತುಬಿಟ್ಟರೆ ಕಲ್ಯಾಣದ ಆಚೆಯವರಿಗೆ ಲೋಕಲ್ ಜಾಲದಲ್ಲಿ ಇನ್ನೊಂದು ದಾರಿಯೇ ಇಲ್ಲ. ಆ ನಿಲ್ದಾಣದ ಬಿಂದುವನ್ನು ತೆಗೆದರೆ ಗ್ರಾಫ್ ಎರಡು ತುಂಡು. ಪುಸ್ತಕದಲ್ಲಿ ಕಟ್ ವರ್ಟೆಕ್ಸ್ ಎಂದು ಓದಿದ್ದ ವಿಷಯ ಇದೇ ಎಂದು ನಿಂತ ರೈಲಿನಲ್ಲಿ ಹೊಳೆದಾಗ ಆದ ಸಂತೋಷ ಇಂದಿಗೂ ನೆನಪಿದೆ. ಆಮೇಲೆ ಡಚ್ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ಅತಿ ಹತ್ತಿರದ ದಾರಿಯ ಆಲ್ಗರಿದಮ್ಮನ್ನು ಅದೇ ನಕ್ಷೆಯ ಮೇಲೆ ಕೈಯಲ್ಲೇ ನಡೆಸಿ ನೋಡಿದೆ. ಪರೀಕ್ಷೆಯಲ್ಲಿ ಅದನ್ನು ಕೇಳಿದಾಗ ಯೋಚಿಸಬೇಕಾಗಲಿಲ್ಲ.

ಥಿಯರಿ ಆಫ್ ಕಂಪ್ಯುಟೇಶನ್ ಅಷ್ಟು ಸುಲಭಕ್ಕೆ ಒಲಿಯಲಿಲ್ಲ. ಎರಡನೆಯ ವರ್ಷ ಅದರಲ್ಲಿ ಕೆಟಿ ಬಂತು. ಮುಂಬಯಿಗೆ ಹೊಸಬರಾದವರಿಗೆ ಇದನ್ನು ವಿವರಿಸಬೇಕು. ಒಂದು ವಿಷಯದಲ್ಲಿ ನಪಾಸಾದರೂ ಮುಂದಿನ ಸೆಮಿಸ್ಟರಿಗೆ ಹೋಗಲು ಬಿಡುವ ಎಟಿಕೆಟಿ ಎಂಬ ನಿಯಮವಿದೆ, ಬಾಕಿ ಉಳಿದ ವಿಷಯವನ್ನು ಎಲ್ಲರೂ ಕೆಟಿ ಎನ್ನುತ್ತಾರೆ. ನಮ್ಮ ತಂಡಕ್ಕೆ ಲಿಖಿತ ಪರೀಕ್ಷೆಗೆ 75, ಆಂತರಿಕ ಪರೀಕ್ಷೆಗೆ 25 ಅಂಕ. ಒಂದರಲ್ಲಿ 30, ಇನ್ನೊಂದರಲ್ಲಿ 10 ಪ್ರತ್ಯೇಕವಾಗಿ ಬರಲೇಬೇಕು, ಒಟ್ಟು ಸೇರಿಸಿ ಪಾಸಾಗಲು ಬರುವುದಿಲ್ಲ. ಮನೆಯಲ್ಲಿ ಹೇಳುವುದಕ್ಕೆ ನಾಲ್ಕಾರು ದಿನ ಧೈರ್ಯ ಬರಲಿಲ್ಲ. ಹೇಳಿದಾಗ ಚಿಕ್ಕಪ್ಪ, "ಇಲ್ಲಿ ಕೆಟಿ ಬರದೆ ಪಾಸಾದವರನ್ನು ನಾನು ಕಂಡದ್ದು ಕಡಿಮೆ. ಮತ್ತೆ ಬರೆಯುವುದಕ್ಕೆ ಬಿಡುತ್ತಾರಲ್ಲ, ಬರೆ" ಎಂದಷ್ಟೇ ಅಂದರು. ಎನ್‌ಪಿಟಿಇಎಲ್ ಎಂಬ ಜಾಲತಾಣದಲ್ಲಿ ಐಐಟಿ ಪ್ರಾಧ್ಯಾಪಕರ ಪಾಠಗಳು ಉಚಿತವಾಗಿವೆ. ಅವನ್ನು ನಿಧಾನಗತಿಯಲ್ಲಿ ಹಾಕಿಕೊಂಡು, ಒಂದೊಂದು ಆಟೊಮಟನ್ನನ್ನೂ (ಹೆಜ್ಜೆ ಹೆಜ್ಜೆಯಾಗಿ ಸಾಗುವ ಕಾಲ್ಪನಿಕ ಯಂತ್ರ) ಕಾಗದದ ಮೇಲೆ ಬಿಡಿಸಿ, ಪ್ರತಿ ಹೆಜ್ಜೆಯನ್ನೂ ತಂಗಿಗೆ, ಅಂದರೆ ಚಿಕ್ಕಪ್ಪನ ಮಗಳಿಗೆ, ಕನ್ನಡದಲ್ಲಿ ವಿವರಿಸಿದೆ. ಅವಳು ವಾಣಿಜ್ಯ ಓದುವವಳು. ಅವಳಿಗೆ ಒಪ್ಪಿಗೆಯಾಗದ ಕಡೆಯೆಲ್ಲ ನನಗೂ ಅರ್ಥವಾಗಿರಲಿಲ್ಲ ಎಂಬುದು ಬೇಗ ತಿಳಿಯಿತು. ಮರುಪರೀಕ್ಷೆಯಲ್ಲಿ ಪಾಸಾದೆ, ಮೂರು ವರ್ಷದಲ್ಲಿ ಅತಿ ಹೆಚ್ಚು ಕಲಿತ ವಿಷಯವೂ ಅದೇ ಆಯಿತು.

ಜರ್ನಲ್ ಬಗ್ಗೆ ಒಂದು ಮಾತು. ಪ್ರತಿ ಪ್ರಾಯೋಗಿಕ ತರಗತಿಯ ಪ್ರೋಗ್ರಾಮ್ ಮತ್ತು ಫಲಿತವನ್ನು ಜರ್ನಲಿಗೆ ಸೇರಿಸಿ ಅಧ್ಯಾಪಕರ ಸಹಿ ಪಡೆಯಬೇಕು. ವಿಭಾಗದ ಮುಖ್ಯಸ್ಥರು ದೃಢೀಕರಿಸಿದ ಜರ್ನಲ್ ಇಲ್ಲದೆ ಪ್ರಾಯೋಗಿಕ ಪರೀಕ್ಷೆಗೆ ಕೂರಿಸುವುದಿಲ್ಲ. ಪರೀಕ್ಷೆಯ ಹಿಂದಿನ ದಿನ ಜೆರಾಕ್ಸ್ ಅಂಗಡಿಯ ಮುಂದೆ ಸಾಲು ನಿಲ್ಲುವವರು ಇದೇ ಸಹಿಗಾಗಿ ಅಳುವುದನ್ನು ನೋಡಿದ್ದೇನೆ. ವಾರ ವಾರ ಸಹಿ ಹಾಕಿಸಿಕೊಳ್ಳಿ.

ಸಹಿ ಹಾಕಿದ ಕಾಗದಗಳನ್ನೆಲ್ಲ ಜೋಪಾನ ಮಾಡಿದ್ದು ಮೂರನೆಯ ವರ್ಷ ನನ್ನನ್ನು ಉಳಿಸಿತು. ಮೊದಲ ನಾಲ್ಕು ಸೆಮಿಸ್ಟರುಗಳ ಪರೀಕ್ಷೆಯನ್ನು ಕಾಲೇಜೇ ನಡೆಸುತ್ತದೆ, ಕೊನೆಯ ಎರಡನ್ನು ವಿಶ್ವವಿದ್ಯಾಲಯ. ಐದನೆಯ ಸೆಮಿಸ್ಟರಿನ ಫಲಿತಾಂಶ ತೆರೆದಾಗ ಒಂದು ವಿಷಯದ ಆಂತರಿಕ ಪರೀಕ್ಷೆಗೆ ನಾನು ಗೈರುಹಾಜರು ಎಂದಿತ್ತು. ಬರೆದಿದ್ದೆ, ಅಂಕವೂ ಬಂದಿತ್ತು. ಪಾಠ ಮಾಡಿದ ಅಧ್ಯಾಪಕರು ನಡುವೆಯೇ ಕೆಲಸ ಬಿಟ್ಟು ಹೋಗಿದ್ದರು, ಕಾಲೇಜಿನಿಂದ ಅಂಕ ಸಕಾಲಕ್ಕೆ ಹೋಗಿರಲಿಲ್ಲ. ಕಚೇರಿಯಲ್ಲಿ ಒಬ್ಬರು ಇನ್ನೊಬ್ಬರ ಕಡೆಗೆ ಕಳಿಸಿದರು. ಅದೇ ಹೊತ್ತಿಗೆ ಕ್ಯಾಂಪಸ್ ನೇಮಕಾತಿ ನಡೆಯುತ್ತಿತ್ತು. ಯಾವ ವಿಷಯವೂ ಬಾಕಿ ಇರಬಾರದೆಂಬುದು ಕಂಪನಿಗಳ ಷರತ್ತು. ಕೈಯಲ್ಲಿ ಆಫರ್ ಬಂದು ಈ ಒಂದು ಪದಕ್ಕಾಗಿ ಜಾರಿ ಹೋಗುತ್ತದೆಯೇನೋ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ತಿದ್ದಿದ ಉತ್ತರ ಪತ್ರಿಕೆಯನ್ನು ತರಗತಿಯಲ್ಲಿ ತೋರಿಸಲು ಕೊಟ್ಟಾಗ ಮೊಬೈಲಿನಲ್ಲಿ ತೆಗೆದ ಫೋಟೊ, ಹಾಜರಿ ಪಟ್ಟಿಯ ಪ್ರತಿ, ಸಹಿ ಇದ್ದ ಜರ್ನಲ್ ಮೂರನ್ನೂ ಇಟ್ಟು ಪ್ರಾಂಶುಪಾಲರಿಗೆ ಲಿಖಿತ ಅರ್ಜಿ ಕೊಟ್ಟು, ಸ್ವೀಕರಿಸಿದ ಮೊಹರನ್ನು ನನ್ನ ಪ್ರತಿಯ ಮೇಲೆ ಹಾಕಿಸಿಕೊಂಡೆ. ಬಾಯಿಮಾತಿನಲ್ಲಿ ಕೇಳಿದಾಗ ಕದಲದ ಕೆಲಸ ಮೊಹರು ಬಿದ್ದ ಮೇಲೆ ಕದಲಿತು. ತಿದ್ದಿದ ಅಂಕಪಟ್ಟಿ ಬರಲು ತಿಂಗಳುಗಳೇ ಹಿಡಿದವು.

ಕೊನೆಯ ವರ್ಷದ ಪ್ರಾಜೆಕ್ಟಿನ ವರದಿಯನ್ನು ಕಪ್ಪು ರಟ್ಟು, ಬಂಗಾರದ ಅಕ್ಷರ ಹಾಕಿ ಕಟ್ಟಿಸಬೇಕು. ಇಲ್ಲಿ ಎಲ್ಲರೂ ಅದನ್ನು ಬ್ಲ್ಯಾಕ್ ಬುಕ್ ಎನ್ನುತ್ತಾರೆ. ನಿಲ್ದಾಣದ ಹತ್ತಿರ ಸಿದ್ಧ ಪ್ರಾಜೆಕ್ಟುಗಳನ್ನೇ ಮಾರುವವರಿದ್ದಾರೆ. ದಯವಿಟ್ಟು ಕೊಳ್ಳಬೇಡಿ. ಇಡೀ ಪದವಿಯಲ್ಲಿ ನಮ್ಮದೇ ಎನ್ನಬಹುದಾದ ಕೆಲಸ ಇದೊಂದೇ. ನಾನು ಕನ್ನಡ ಪಠ್ಯದಲ್ಲಿ ಹುಡುಕುವ ಒಂದು ಚಿಕ್ಕ ವ್ಯವಸ್ಥೆ ಮಾಡಿದೆ. ಮನೆ ಎಂದು ಹುಡುಕಿದರೆ ಮನೆಯಿಂದ, ಮನೆಗಳಲ್ಲಿ ಎಂಬವೂ ಸಿಗಬೇಕು, ಮನೆತನ ಸಿಗಬಾರದು. ಪೈಥಾನಿನಲ್ಲಿ ‘ಕನ್ನಡ’ ಎಂಬ ಪದದ ಉದ್ದ ಕೇಳಿದರೆ 5 ಎನ್ನುತ್ತದೆ, ಏಕೆಂದರೆ ಒತ್ತಕ್ಷರವನ್ನು ಯೂನಿಕೋಡ್ ಎಂಬ ಅಕ್ಷರ ಸಂಕೇತ ವ್ಯವಸ್ಥೆ ಎರಡು ವ್ಯಂಜನ ಮತ್ತು ನಡುವಿನ ಹಲಂತವೆಂದು ಮೂರು ಸಂಕೇತಗಳಲ್ಲಿ ಬರೆಯುತ್ತದೆ. ಇದನ್ನು ತಿಳಿಯದೆ ಪ್ರತ್ಯಯ ಕತ್ತರಿಸಿದರೆ ಅಕ್ಷರವೇ ಒಡೆಯುತ್ತದೆ. ಪಠ್ಯಕ್ಕಾಗಿ ಪರಿಚಯದವರಿಂದ ಹಳೆಯ ಸ್ಮರಣ ಸಂಚಿಕೆಗಳ ಕಡತಗಳನ್ನು ಪಡೆದರೆ ಅವೆಲ್ಲ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿದ್ದವು, ತೆರೆದರೆ ಇಂಗ್ಲಿಷ್ ಚಿಹ್ನೆಗಳ ರಾಶಿ. ಅವನ್ನು ಪರಿವರ್ತಿಸುವುದರಲ್ಲೇ ಪ್ರಾಜೆಕ್ಟಿನ ಅರ್ಧ ಸಮಯ ಹೋಯಿತು.

ಮೌಖಿಕ ಪರೀಕ್ಷೆಗೆ ಬಂದ ಹೊರಗಿನ ಪರೀಕ್ಷಕರಿಗೆ ಕನ್ನಡ ಬಾರದು. ಅರ್ಥವಾಗದ ಭಾಷೆಯ ಪ್ರಾಜೆಕ್ಟ್ ಎಂದು ಬದಿಗಿಡುತ್ತಾರೇನೋ ಎಂಬ ಭಯವಿತ್ತು. ಅವರು ಪುಸ್ತಕ ಮುಚ್ಚಿಟ್ಟು, ಸಿಕ್ಕವುಗಳಲ್ಲಿ ಸರಿಯಾದವೆಷ್ಟು, ಸಿಗಬೇಕಾದವುಗಳಲ್ಲಿ ಸಿಕ್ಕವೆಷ್ಟು ಎಂದು ಕೇಳಿದರು. ಲೆಕ್ಕ ತೋರಿಸಿದೆ. ಇದೇ ವಿಧಾನ ಮರಾಠಿಗೆ ನಡೆಯುತ್ತದೆಯೇ ಎಂದರು. ಪ್ರತ್ಯಯಗಳ ಪಟ್ಟಿ ಬದಲಾಗಬೇಕು, ಚೌಕಟ್ಟು ಇದೇ ಸಾಕು ಎಂದೆ. "ಮಾಡಿ ನೋಡು, ಬಿಡಬೇಡ" ಎಂದರು. ಅಂಕಗಳಿಗಿಂತ ಆ ಮಾತು ನನಗೆ ದೊಡ್ಡದು.

ಈ ವರ್ಷ ಸೇರುವವರಿಗೆ ಪಠ್ಯಕ್ರಮ ನಮ್ಮದಲ್ಲ. 2024-25ರಿಂದ ಸಂಯೋಜಿತ ಕಾಲೇಜುಗಳಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಸ್ವರೂಪ ಬಂದಿದೆ. ಮೂರು ವರ್ಷಕ್ಕೆ ಪದವಿ, ನಾಲ್ಕನೆಯ ವರ್ಷ ಓದಿದರೆ ಆನರ್ಸ್. ವಿಷಯಗಳ ಹೆಸರು ಮತ್ತು ಅಂಕಗಳ ಹಂಚಿಕೆಯನ್ನು ಕಾಲೇಜಿನಲ್ಲಿ ಕೇಳಿಯೇ ತಿಳಿದುಕೊಳ್ಳಿ. ನೌಕರಿಯ ಬಗ್ಗೆ ಹೆದರುವವರಿಗೆ: ಟಿಸಿಎಸ್, ವಿಪ್ರೊದಂತಹ ದೊಡ್ಡ ಕಂಪನಿಗಳು ಬಿ.ಎಸ್ಸಿ. ಮತ್ತು ಬಿಸಿಎ ಓದಿದವರಿಗೆಂದೇ ಪ್ರತ್ಯೇಕ ನೇಮಕಾತಿ ನಡೆಸುತ್ತವೆ. ಸಂಬಳ ಬಿ.ಇ.ಯವರಿಗಿಂತ ಕಡಿಮೆಯಿಂದ ಶುರುವಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ನನಗೆ ನವಿ ಮುಂಬಯಿಯ ಒಂದು ಕಂಪನಿಯಲ್ಲಿ ತರಬೇತಿಯ ಕೆಲಸ ಸಿಕ್ಕಿದೆ, ಮುಂದಿನ ತಿಂಗಳು ಸೇರುತ್ತೇನೆ. ಎಂಸಿಎ ಈಗ ಎರಡೇ ವರ್ಷದ್ದು. ಅದರ ರಾಜ್ಯ ಸಿಇಟಿಗೆ ಒಂದು ವರ್ಷ ದುಡಿದು, ಹಣ ಕೂಡಿಟ್ಟ ಮೇಲೆ ಕೂರುವ ಯೋಚನೆಯಿದೆ. ಪದವಿ ಪ್ರಮಾಣಪತ್ರ ಘಟಿಕೋತ್ಸವ ಆದ ಮೇಲಷ್ಟೇ ಸಿಗುತ್ತದೆ. ಅಲ್ಲಿಯವರೆಗೆ ಕಂಪನಿಗೆ ಆರೂ ಸೆಮಿಸ್ಟರಿನ ಅಂಕಪಟ್ಟಿಗಳನ್ನೇ ತೋರಿಸಬೇಕು. ಹಾಗಾಗಿ ಒಂದೊಂದನ್ನೂ ಬಂದ ಕೂಡಲೇ ಕಚೇರಿಯಿಂದ ಪಡೆದು, ಹೆಸರಿನ ಅಕ್ಷರಗಳನ್ನು ಅಲ್ಲೇ ಕಿಟಕಿಯ ಮುಂದೆ ನಿಂತು ಓದಿ ನೋಡಿ.